ಇಪ್ಪತ್ತೇಳರ ಎಡಗಡೆಯ ಸೊನ್ನೆಗಳು

ಇನ್ನೂರ ಹನ್ನೆರಡು ಇರಬೇಕಿತ್ತು. ಇನ್ನೂರ ಹತ್ತು ಅಂತಿದೆ. ಎರಡು ಮನೆ ಎಲ್ಲಿ ಹೋದವು? ಯಾರಾದರೂ ಹಸು ಮಾರಿಕೊಂಡರೇ? ಹಸು ಮಾರಿದರೂ ಹೆಸರು ಎಲ್ಲಿಗೆ ಹೋಗುತ್ತದೆ? ಅಥವಾ ನಿನ್ನೆ ತಾನೇ ತಪ್ಪು ಎಣಿಸಿದ್ದನೇ? ಎಣಿಸಿದ್ದು ಮೂರು ಸಲ. ಮೂರು ಸಲವೂ ಇನ್ನೂರ ಹನ್ನೆರಡು. ಹಾಗಾದರೆ ಮೂರು ಸಲವೂ ಅದೇ ತಪ್ಪು ಮಾಡಿರಬಹುದಲ್ಲವೇ? ಅದೂ ಸಾಧ್ಯ. ಒಂದೇ ತಪ್ಪನ್ನು ಮೂರು ಸಲ ಮಾಡುವ ಶಕ್ತಿ ತನಗಿದೆ ಎಂಬುದರಲ್ಲಿ ರುದ್ರಪ್ರಸಾದನಿಗೆ ಎಂದೂ ಅನುಮಾನ ಇರಲಿಲ್ಲ.

ಮಂಗಳವಾರ ಬೆಳಗಿನ ಆರೂಕಾಲು. ಬೈರಾಪಟ್ಟಣದಿಂದ ಎರಡು ಮೈಲಿ ಒಳಗಿರುವ ಗಂಟೆಕಲ್ಲುದೊಡ್ಡಿಯ ಡೈರಿ ಎಂದರೆ, ಚನ್ನಪಟ್ಟಣದ ಬಸ್ಸು ತಿರುಗಿಕೊಳ್ಳುವ ಕಟ್ಟೆಯ ಎದುರು ಎರಡು ಕೋಣೆ. ಹೊರಗೆ ಕ್ಯಾನು ಹಿಡಿದವರ ಸಾಲು. ಒಳಗೆ ಕಂಪ್ಯೂಟರಿನ ಮುಂದೆ ರುದ್ರಪ್ರಸಾದ್, ಕನ್ನಡಕ ಒರೆಸುತ್ತ.

"ಹಾಕ್ಕಳಯ್ಯ ಪ್ರಸಾದು, ನಿನ್ನ ಕನ್ನಡ್ಕ ಒಣಗೋ ಹೊತ್ಗೆ ನಮ್ಮ ಹಾಲು ಒಡೆದೋಯ್ತದೆ!" ಎಂದು ಸಾಲಿನಿಂದ ಒಂದು ದನಿ ಬಂತು.

ಅವನು ಹಾಕಿಕೊಂಡ. ಇನ್ನೂರ ಹತ್ತು ಇನ್ನೂರ ಹತ್ತಾಗಿಯೇ ಇತ್ತು.

ಈ ಸಂಕಟವನ್ನು ಅವನು ತಾನಾಗಿಯೇ ಕರೆದು ಕೂರಿಸಿಕೊಂಡಿದ್ದ. ಬಿ.ಎಸ್ಸಿ. ಮಾಡಿ ಈ ಡೈರಿಯಲ್ಲಿ ಹಾಲು ಪರೀಕ್ಷಿಸುವ ಟೆಸ್ಟರ್ ಆಗಿ ಸೇರಿದ್ದ, ಅದೂ ತಾತ್ಕಾಲಿಕ. ನಾಲ್ಕು ವರ್ಷ ತಾತ್ಕಾಲಿಕವಾಗಿದ್ದು, ತಾತ್ಕಾಲಿಕದಲ್ಲೇ ಕಾಯಂ ಆಗಿಬಿಟ್ಟಿದ್ದ. ಈಗ ಸೆಕ್ರೆಟರಿ ಬೋರಲಿಂಗಯ್ಯನವರು ನಿವೃತ್ತರಾಗುತ್ತಿದ್ದರು. ಭಾನುವಾರದ ವಾರ್ಷಿಕ ಸಭೆಯಲ್ಲಿ ಅವರ ಜಾಗಕ್ಕೆ ಯಾರು ಎಂಬುದು ತೀರ್ಮಾನವಾಗಬೇಕಿತ್ತು. ಅದಕ್ಕೆಂದೇ ಅವನು ತಿಂಗಳ ಹಿಂದೆ ಅಧ್ಯಕ್ಷ ನಂಜುಂಡಯ್ಯನವರ ಮುಂದೆ ನಿಂತು, ಡೈರಿಗೆ ತಾನೇ ಒಂದು ಪ್ರೋಗ್ರಾಮ್ ಬರೆದುಕೊಡುವುದಾಗಿ ಹೇಳಿದ್ದ. ಬಸ್ಸಿನಲ್ಲಿ ಓಡಾಡುತ್ತ ಫೋನಿನಲ್ಲಿ ಐವತ್ತೆರಡು ಪಾಠ ನೋಡಿದ್ದ ಧೈರ್ಯ ಅದು.

"ನಾನು ಬರೆಯೋದು ಎಲ್ಲರ ಥರದ್ದಲ್ಲ ಅಧ್ಯಕ್ಷರೇ. ಫಂಕ್ಷನಲ್ ಪ್ರೋಗ್ರಾಮಿಂಗ್. ಇದರಲ್ಲಿ ಯಾವುದನ್ನೂ ಬದಲಾಯಿಸಲ್ಲ. ಒಂದನ್ನ ಒಳಗೆ ಕೊಟ್ಟರೆ ಇನ್ನೊಂದು ಹೊಸದಾಗಿ ಆಚೆ ಬರುತ್ತೆ. ಕೊಟ್ಟದ್ದು ಹಾಗೇ ಇರುತ್ತೆ."

"ಹಾಲು ಕೊಟ್ರೆ ಮೊಸ್ರು ಬತ್ತದೆ, ಹಾಲೂ ಹಂಗೇ ಉಳೀತದೆ ಅಂತೀಯಾ?"

"ಒಂದು ರೀತಿಯಲ್ಲಿ ಹೌದು."

"ಮತ್ತೆ ನಾಕು ವರ್ಸದಿಂದ ಯಾಕಯ್ಯಾ ಬಾಯಿ ಮುಚ್ಕಂಡಿದ್ದೆ?"

ಅಧ್ಯಕ್ಷರು ಒಪ್ಪಿದರು. ಜೊತೆಗೆ ಒಂದು ಮಾತನ್ನೂ ಸೇರಿಸಿದರು. "ಸಭೆ ತನಕ ಒಂದೂ ತಪ್ಪಿಲ್ದಂಗೆ ನಡುದ್ರೆ ಸೆಕ್ರೆಟ್ರಿ ನೀನೇ. ಒಂದು ತಪ್ಪು ಬಂತೋ, ನನ್ನ ಬಾಮೈದ ಹಾರೋಹಳ್ಳಿ ಫ್ಯಾಕ್ಟ್ರಿ ಬುಟ್ಟು ಬರಕ್ಕೆ ಬ್ಯಾಗು ಕಟ್ಕಂಡು ಕುಂತವ್ನೆ."

ಅಂದಿನಿಂದ ರುದ್ರಪ್ರಸಾದನಿಗೆ ಕಾಣದ ಆ ಬ್ಯಾಗು ಕಣ್ಣ ಮುಂದೆ ನಿಂತಿತು.

ಕೆಲಸವೇನೋ ಸರಳವಾಗಿತ್ತು. ಪುಸ್ತಕದಲ್ಲಿರುವ ಸದಸ್ಯರ ನಂಬರು ಕಂಪ್ಯೂಟರಿನ ಕಣ್ಣಿಗೆ ನಂಬರಲ್ಲ, ಬರೀ ಅಕ್ಷರಗಳ ಸಾಲು. ಅದನ್ನು ಸಂಖ್ಯೆಯಾಗಿಸಲು ಒಂದು ಫಂಕ್ಷನ್. ಆ ಸಂಖ್ಯೆಯನ್ನು ಚೀಟಿಯ ಮೇಲೆ ಅಚ್ಚು ಹಾಕಲು ಮತ್ತೆ ಅಕ್ಷರವಾಗಿಸುವ ಇನ್ನೊಂದು. "ಹೋಗಿ ಬಂದರೂ ಹೊರಟದ್ದೇ ಸಿಗುತ್ತೆ. ಒಂದರಿಂದ ಹತ್ತು ಸಾವಿರದವರೆಗೆ ಪರೀಕ್ಷೆ ಮಾಡಿದೀನಿ," ಎಂದಿದ್ದ. ಅದು ನಿಜ. ಒಂದು ಎಂಬ ಸಂಖ್ಯೆಯನ್ನು ಅಕ್ಷರವಾಗಿಸಿ, ಮತ್ತೆ ಸಂಖ್ಯೆಯಾಗಿಸಿ ನೋಡಿದ್ದ, ಒಂದೇ ಬಂದಿತ್ತು. ಹತ್ತು ಸಾವಿರದವರೆಗೂ ಹಾಗೇ ಬಂದಿತ್ತು. ಅವನು ಹೇಳಿದ್ದರಲ್ಲಿ ಸುಳ್ಳು ಎನ್ನುವುದು ಎಳ್ಳಷ್ಟೂ ಇರಲಿಲ್ಲ, ಮತ್ತು ಅನಾಹುತಕ್ಕೆ ಅಷ್ಟು ಸಾಕಾಯಿತು.

ಸೋಮವಾರ ಸಂಜೆ ಸಾಲಿನ ಮುಂದಿದ್ದ ಹತ್ತು ಜನರಿಗೆ ಮಾತ್ರ ಒಂದೊಂದು ಚೀಟಿ ಕೊಟ್ಟು ನೋಡಿದಾಗ ಎದ್ದದ್ದು ಒಂದೇ ತಕರಾರು. ಮುನಿಯಮ್ಮನಿಗೆ ನಂಬರೇ ಇರಲಿಲ್ಲ. ಬೋರಲಿಂಗಯ್ಯನವರು ಪುಸ್ತಕದಲ್ಲಿ ನಂಬರಿನ ಜಾಗದಲ್ಲಿ 'ಕೆರೆಏರಿ' ಎಂದು ಬರೆದಿದ್ದರು, ಊರಿಗೆಲ್ಲ ಅರ್ಥವಾಗುತ್ತಿತ್ತು. ಸಂಖ್ಯೆಯಾಗದ ಅಕ್ಷರ ಸಿಕ್ಕರೆ ಪ್ರೋಗ್ರಾಮ್ ಕೆಟ್ಟು ನಿಲ್ಲದೆ, 'ನಥಿಂಗ್' ಎಂದು ವಿನಯದಿಂದ ಉತ್ತರ ಕೊಡುತ್ತಿತ್ತು. ಆ ಉತ್ತರ ಅವಳ ಚೀಟಿಯ ಮೇಲೆ ಬಂತು. ಮಗಳು ಓದಿ ಅರ್ಥ ಹೇಳಿದಳು.

"ಮೂವತ್ತು ವರ್ಸದಿಂದ ಹಾಲು ಹಾಕ್ತಾ ಇವ್ನಿ, ನಾನು ಏನೂ ಅಲ್ವಂತೆ!" ಮುನಿಯಮ್ಮ ಕ್ಯಾನನ್ನು ಕುಕ್ಕಿದಳು. "ನಿಮ್ಮಪ್ಪನ್ನ ಕರಿ, ಅವ್ರನ್ನ ಕೇಳ್ತೀನಿ, ಮಗುಂಗೆ ಇದನ್ನೇನಾ ಓದ್ಸಿರೋದು ಅಂತ!"

"ಅಮ್ಮಾ, ಅದು ಬೈಗುಳ ಅಲ್ಲ. ತುಂಬ ಮರ್ಯಾದೆಯ ಉತ್ತರ ಅದು."

"ಹಂಗಾದ್ರೆ ಆ ಮರ್ಯಾದೆ ಅಧ್ಯಕ್ಷರ ಚೀಟಿಗೆ ಕೊಡು!"

ಅವಳಿಗೆ ಕೂಡಲೇ ಒಂದು ಹೊಸ ನಂಬರು ಕೊಟ್ಟ. ರಾತ್ರಿ ನೆಮ್ಮದಿಯಾಗಿ ಮಲಗಿದ. ಗೊತ್ತಾಗದಿದ್ದರೆ ಪ್ರೋಗ್ರಾಮ್ ಗೊತ್ತಿಲ್ಲ ಎನ್ನುತ್ತದೆ. ಅದು ಸುಮ್ಮನಿದೆ ಎಂದರೆ ಎಲ್ಲ ಸರಿಯಿದೆ. ಹೀಗೆ ಅಂದುಕೊಂಡು ಮಲಗಿದ್ದೇ ಆ ವಾರದ ಅವನ ಕೊನೆಯ ನಿದ್ದೆ.

ಮಂಗಳವಾರ ಎಂಟು ಗಂಟೆಗೆ ಹಾಲು ಅಳೆಯುವುದು ಮುಗಿಯಿತು. ಗೋಡೆಯ ಟೀವಿಯಲ್ಲಿ ಹಸಿರು ಅಕ್ಷರ ಮೂಡಿತು. ಆ ಟೀವಿಯೂ ರುದ್ರಪ್ರಸಾದನದೇ ಯೋಜನೆ: ದಿನವೂ ಅತಿ ಹೆಚ್ಚು ಹಾಲು ಹಾಕಿದ ಮನೆಯ ಹೆಸರು ಅದರಲ್ಲಿ ಬರುತ್ತದೆ. ಅಧ್ಯಕ್ಷರು ಇದಕ್ಕೆ ತಕ್ಷಣ ಒಪ್ಪಿದ್ದರು. ಆರು ಸೀಮೆಹಸುಗಳ ತಮ್ಮ ಮನೆಯನ್ನು ಮೀರಿಸುವವರು ಈ ಊರಲ್ಲಿ ಹುಟ್ಟಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಕಟ್ಟೆಯ ಮೇಲೆ ಹತ್ತು ಜನರನ್ನು ಕೂರಿಸಿಕೊಂಡೇ ಅವರು ಕಾದಿದ್ದರು.

'ಇಂದಿನ ಮೊದಲ ಸ್ಥಾನ: ಸದಸ್ಯ 27. ಬೈರಪ್ಪನವರ ಮನೆ. 41 ಲೀಟರ್.'

ಕಟ್ಟೆಯ ಮೇಲಿದ್ದ ಹತ್ತೂ ಜನ ಎದ್ದು ಟೀವಿಯ ಹತ್ತಿರ ಬಂದರು. ಅದಕ್ಕೆ ಕಾರಣ ತಿಳಿಯಬೇಕಾದರೆ ಬೈರಪ್ಪನ ಮನೆಯ ವಿಷಯ ತಿಳಿಯಬೇಕು.

ಬೈರಪ್ಪ ತೀರಿಕೊಂಡು ಒಂಬತ್ತು ವರ್ಷ. ಮೂವರು ಮಕ್ಕಳು: ಅನಂತರಾಜು, ನಟರಾಜು, ದೀಪು. ಅಪ್ಪನ ತಿಥಿ ಮುಗಿದ ವಾರಕ್ಕೇ ಭಾಗವಾದರು. ಹೊಲ ಮೂರು ದಿನದಲ್ಲಿ ಬಗೆಹರಿಯಿತು. ಮನೆ ಒಂದು ವಾರದಲ್ಲಿ ಬಗೆಹರಿಯಿತು. ಬಗೆಹರಿಯದೆ ಉಳಿದದ್ದು ಡೈರಿಯ ನಂಬರು. ಅಪ್ಪ ಡೈರಿ ಶುರುವಾದ ದಿನ ತೆಗೆದುಕೊಂಡ ಇಪ್ಪತ್ತೇಳು ಮೂವರಿಗೂ ಬೇಕು. ನಾಲ್ಕು ತಿಂಗಳು ಪಂಚಾಯ್ತಿ ನಡೆಯಿತು. ಒಮ್ಮೆ ಕ್ಯಾನುಗಳಲ್ಲೇ ಹೊಡೆದಾಡಿದರು. ಕೊನೆಗೆ ಬೋರಲಿಂಗಯ್ಯನವರು ದಾರಿ ಕಂಡುಹಿಡಿದರು. ಹಿರಿಯವನಿಗೆ 27. ನಡುವಿನವನಿಗೆ 027. ಕಿರಿಯವನಿಗೆ 0027. ಹೆಸರು ಮೂರಕ್ಕೂ 'ಬೈರಪ್ಪನವರ ಮನೆ'. ತನ್ನದು ಅಪ್ಪ ಹೇಗೆ ಇಟ್ಟಿದ್ದನೋ ಹಾಗೇ ಇದೆ ಎಂದು ಹಿರಿಯವನಿಗೆ ಹೆಮ್ಮೆ. ತನ್ನದು ಎಲ್ಲರಿಗಿಂತ ಉದ್ದ ಎಂದು ಕಿರಿಯವನಿಗೆ ಹೆಮ್ಮೆ. ನಡುವಿನವನಿಗೆ ಹೆಮ್ಮೆಪಡಲು ಏನೂ ಸಿಗದೆ, ಅವನ ಕೋಪ ಮಾತ್ರ ಉಳಿಯಿತು. ಊರವರು ಆ ಮನೆಗಳನ್ನು ಬರೀ ಇಪ್ಪತ್ತೇಳು, ಒಂಟಿ ಸೊನ್ನೆ, ಜೋಡಿ ಸೊನ್ನೆ ಎಂದು ಗುರುತಿಸುತ್ತಿದ್ದರು. ಅಣ್ಣತಮ್ಮಂದಿರು ಒಂಬತ್ತು ವರ್ಷದಿಂದ ಒಬ್ಬರಿಗೊಬ್ಬರು ಮಾತಾಡಿರಲಿಲ್ಲ. ತಾಯಿ ಕಾವೇರಮ್ಮ ತಿಂಗಳಿಗೊಂದು ಮನೆಯಂತೆ ಸೀರೆಯ ಚೀಲ ಹಿಡಿದು ಸುತ್ತುತ್ತಿದ್ದಳು.

"ಇವರ ಹಾಲು ಬೇರೆಬೇರೆ ಇದ್ರೆ ಹದ್ಮೂರು ಹದ್ನಾಕು ಲೀಟ್ರು," ಮುನಿಯಮ್ಮ ಬೆರಳು ಮಡಿಸುತ್ತ ಎದ್ದಳು. "ಮೂರೂ ಸೇರುದ್ರೆ ನಲ್ವತ್ತೊಂದು. ಅಯ್ಯೋ, ಒಂದಾಗ್ಬುಟ್ಟವ್ರೆ ಕಣ್ರಪ್ಪೋ!" ಎಂದವಳೇ ಕ್ಯಾನನ್ನು ಅಲ್ಲೇ ಬಿಟ್ಟು ಓಡಿದಳು. ನಿನ್ನೆ ತನ್ನನ್ನು ಏನೂ ಅಲ್ಲ ಎಂದ ಯಂತ್ರವನ್ನು ಇಂದು ಅವಳಷ್ಟು ನಂಬಿದವರು ಇನ್ನೊಬ್ಬರಿರಲಿಲ್ಲ.

ಅಧ್ಯಕ್ಷರು ಒಳಗೆ ಬಂದರು. "ಏನಯ್ಯಾ ಇದು? ತಪ್ಪೇನಾರಾ ಆಯ್ತಾ?"

ತಪ್ಪು ಎಂಬ ಪದ ಕೇಳಿದ್ದೇ ರುದ್ರಪ್ರಸಾದನ ಕಣ್ಣಿಗೆ ಹಾರೋಹಳ್ಳಿಯ ಬ್ಯಾಗು ಬಂತು. ಅದು ಎದ್ದು ಬಸ್ಸು ಹತ್ತುತ್ತಿತ್ತು. "ಪ್ರೋಗ್ರಾಮಲ್ಲಿ ತಪ್ಪಿಲ್ಲ ಅಧ್ಯಕ್ಷರೇ," ಎಂದುಬಿಟ್ಟ.

ಹತ್ತು ನಿಮಿಷಕ್ಕೆ ಕಾವೇರಮ್ಮ ಬಂದಳು. ಅಂದು ಮನೆ ಬದಲಿಸುವ ದಿನ. ಕೈಯಲ್ಲಿ ಚೀಲವೂ ಇತ್ತು. ಟೀವಿಯ ಹತ್ತಿರ ಹೋಗಿ, ಓದಲು ಬರದಿದ್ದರೂ, ಗಂಡನ ನಂಬರಿನ ಆಕಾರವನ್ನು ಗುರುತು ಹಿಡಿದಳು.

"ಯಾವ ಮಗ ಬಂದು ಸೇರ್ಸು ಅಂದೋನು? ದೊಡ್ಡೋನಾ? ಚಿಕ್ಕೋನಾ?"

ರುದ್ರಪ್ರಸಾದನಿಗೆ ಇನ್ನೂ ಏನಾಗಿದೆ ಎಂದೇ ತಿಳಿದಿರಲಿಲ್ಲ. ಆದರೆ ಅಧ್ಯಕ್ಷರು ಬಾಗಿಲಲ್ಲೇ ನಿಂತಿದ್ದರು. ತಿಳಿಯದ ವಿದ್ಯಾವಂತರು ಹೇಳುವುದನ್ನೇ ಅವನೂ ಹೇಳಿದ: "ಅದನ್ನ ಹೇಳೋ ಹಾಗಿಲ್ಲ ಅಜ್ಜಿ. ಸದಸ್ಯರ ವಿಷಯ ಗುಟ್ಟು."

ಮುದುಕಿ ಅವನ ಗಲ್ಲ ಮುಟ್ಟಿ ನೆಟಿಕೆ ಮುರಿದಳು. ಹಾಗಾದರೆ ಯಾರೋ ಬಂದಿದ್ದಾರೆ, ಗುಟ್ಟಾಗಿ ಬಂದಿದ್ದಾರೆ ಎಂಬುದು ಒಂಬತ್ತೂವರೆಯ ಬಸ್ಸಿನ ಹೊತ್ತಿಗೆ ಊರಿಗೆಲ್ಲ ಖಚಿತವಾಯಿತು.

ಮಧ್ಯಾಹ್ನ ಎರಡಕ್ಕೆ ಅನಂತರಾಜು ಬಂದ.

"ಒಂದು ಮೂಟೆ ಬೂಸ ಐತಾ?"

"ಇದೆ."

"ಬ್ಯಾಡ." ಸ್ವಲ್ಪ ಹೊತ್ತು ತಕ್ಕಡಿಯನ್ನು ನೋಡಿದ. "ನೀನು ಹೆಸ್ರು ಹೇಳಂಗಿಲ್ವಂತೆ. ಹೇಳ್ಬ್ಯಾಡ. ನಾನು ಕೇಳ್ತೀನಿ, ಹೌದಾದ್ರೆ ಸುಮ್ಕಿರು. ದೀಪುನಾ?"

ಅಲ್ಲ ಎನ್ನಲು ರುದ್ರಪ್ರಸಾದ್ ಬಾಯಿ ತೆರೆದ. ಅಲ್ಲ ಎಂದರೆ ಮುಂದೆ 'ಮತ್ತಿನ್ಯಾರು' ಬರುತ್ತದೆ, ಅದಕ್ಕೆ ಉತ್ತರವಿಲ್ಲ. ತೆರೆದ ಬಾಯಿ ಹಾಗೇ ಉಳಿಯಿತು.

"ಗೊತ್ತಿತ್ತು ಕಣಯ್ಯ ನಂಗೆ! ಚಿಕ್ಕೋನಿಗೆ ಕೋಪ ಜಾಸ್ತಿ, ಕರುಳೂ ಜಾಸ್ತಿ." ಅನಂತರಾಜು ಟವೆಲಿನಿಂದ ಕಣ್ಣೊರೆಸಿಕೊಂಡು, ಬೇಡವೆಂದಿದ್ದ ಬೂಸವನ್ನು ಹೊತ್ತುಕೊಂಡೇ ಹೋದ.

ಮೂರು ಗಂಟೆಗೆ ದೀಪು. ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟು ಮುಗಿಸಿ, ಬೈಕು ನಿಲ್ಲಿಸದೆಯೇ ಕೇಳಿದ. "ಗುರೂ, ಒಂದೇ ಮಾತು. ದೊಡ್ಡಣ್ಣ ಇಲ್ಲಿಗೆ ಬಂದಿದ್ನಾ?"

"ಬಂದಿದ್ದರು. ಆದರೆ..."

"ಸಾಕು ಬುಡು. ಇಷ್ಟು ಗೊತ್ತಾದ್ರೆ ಸಾಕು." ಬೈಕು ಹೋಯಿತು.

ನಾಲ್ಕು ಗಂಟೆಗೆ ನಟರಾಜು, ಕೆಂಪು ಕಣ್ಣು ಬಿಟ್ಟುಕೊಂಡು. "ಇಬ್ರೂ ಬಂದೋದ್ರಂತಲ್ಲ?"

"ಬಂದಿದ್ದರು. ಆದರೆ ಬೂಸಕ್ಕೆ..."

"ನನ್ನ ಬುಟ್ಟು ಇಬ್ರೂ ಸೇರ್ಕಂಡು ಮಾತಾಡವ್ರೆ! ನಾನೇನು ಬೈರಪ್ಪನ ಮಗ ಅಲ್ವೇನ್ಲಾ? ಅವರಿಗಿರೋ ದೊಡ್ಡತನ ನಂಗಿಲ್ವೇನ್ಲಾ?" ಎಂದು ಗುಡುಗಿ, ನೇರ ಮನೆಗೆ ಹೋಗಿ, ಅಂಗಳಗಳ ನಡುವೆ ತಾನೇ ನೆಟ್ಟಿದ್ದ ಕಲ್ಲುಕಂಬದ ಬೇಲಿಯನ್ನು ಕಿತ್ತು ಎಸೆದ. ಸಿಟ್ಟಿನಿಂದ ಹಾಕಿದ ಬೇಲಿ ಸಿಟ್ಟಿನಿಂದಲೇ ಹೋಯಿತು.

ಬುಧವಾರ ದೀಪುವಿನ ಹೆಂಡತಿ ಭಾನುಪ್ರಿಯ ಒಂದು ತಟ್ಟೆ ಒಬ್ಬಟ್ಟು ಹಿರಿಯ ಮನೆಗೆ ಕಳಿಸಿದಳು. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಆ ಕಡೆಯಿಂದ ಮೂಟೆ ರಾಗಿ ಬಂತು. ಕನಕಪುರದಿಂದ ಸೋದರತ್ತೆ ಬಂದಳು. ಮಾಗಡಿಯಿಂದ ಬೀಗರು ಒಂದು ಗೂಡ್ಸ್ ಆಟೋ ತುಂಬ ಬಂದರು. ಎಲ್ಲರನ್ನೂ ಕರೆತಂದು ಡೈರಿಯ ಟೀವಿ ತೋರಿಸುವ ಕೆಲಸವನ್ನು ಮುನಿಯಮ್ಮ ವಹಿಸಿಕೊಂಡಳು. ಅಣ್ಣತಮ್ಮಂದಿರು ಮಾತ್ರ ಇನ್ನೂ ಮಾತಾಡಿರಲಿಲ್ಲ. ಸೋತು ಬಂದವನನ್ನು ಮೊದಲು ಮಾತಾಡಿಸಿ ನಾಚಿಸಬಾರದು ಎಂಬ ದಯೆ ಮೂವರಲ್ಲೂ ಒಂದೇ ಸಮ ಇತ್ತು. ಕಾವೇರಮ್ಮ ಎಲ್ಲಿದ್ದಳೋ ಅಲ್ಲೇ ಚೀಲವನ್ನು ಮೊಳೆಗೆ ನೇತುಹಾಕಿದಳು. ಯಾರ ಮನೆಯೆಂದು ಕೇಳಿದರೆ, "ಬೈರಪ್ಪನ ಮನೆ" ಎಂದಳು.

ಗುರುವಾರ ಹಾಲು ಮುಗಿದ ಮೇಲೆ ರುದ್ರಪ್ರಸಾದ್ ಬಾಗಿಲು ಹಾಕಿಕೊಂಡು ಕೂತ. ಸಂಖ್ಯೆಯಿಂದ ಹೊರಟು ನೋಡಿದ: 27, ಅಕ್ಷರ, ಮತ್ತೆ 27. ಸರಿ. ಎಂದೂ ಮಾಡದಿದ್ದ ಒಂದು ಕೆಲಸ ಈಗ ಮಾಡಿದ. ಅಕ್ಷರದಿಂದ ಹೊರಟ. '0027' ಎಂದು ಒಳಗೆ ಕೊಟ್ಟ. ಇಪ್ಪತ್ತೇಳು ಎಂಬ ಸಂಖ್ಯೆ ಬಂತು. ಅದನ್ನು ಮತ್ತೆ ಅಕ್ಷರವಾಗಿಸಿದ. '27' ಎಂದು ಬಂತು. '027' ಕೊಟ್ಟ. ಅದಕ್ಕೂ '27'. ಎಡಗಡೆಯ ಸೊನ್ನೆಗೆ ಸಂಖ್ಯೆಯಲ್ಲಿ ಬೆಲೆಯಿಲ್ಲ. ಪ್ರೋಗ್ರಾಮ್ ಅದನ್ನು ಸದ್ದಿಲ್ಲದೆ ಬಿಟ್ಟುಬಿಟ್ಟಿತ್ತು. ಹೊರಟವರು ಮೂವರು, ಹಿಂದಿರುಗಿದವನು ಒಬ್ಬ. ನಾಲ್ಕು ತಿಂಗಳ ಪಂಚಾಯ್ತಿಯನ್ನು ಒಂದು ಸಾಲು ಅಳಿಸಿಹಾಕಿತ್ತು.

ಸರಿಪಡಿಸುವುದು ಎರಡು ನಿಮಿಷದ ಕೆಲಸ. ನಂಬರನ್ನು ಸಂಖ್ಯೆ ಮಾಡದೆ ಅಕ್ಷರವಾಗಿಯೇ ಬಿಟ್ಟರಾಯಿತು. ಅವನ ಬೆರಳು ಕೀಲಿಮಣೆಯ ಮೇಲೆ ನಿಂತಿತು. ಸರಿಪಡಿಸಿದರೆ ಸಂಜೆಯ ಟೀವಿಯಲ್ಲಿ ಅಧ್ಯಕ್ಷರ ಮನೆ ಮೊದಲು ಬರುತ್ತದೆ. ಹಾಗಾದರೆ ಇಷ್ಟು ದಿನ ಬಂದದ್ದೇನು ಎಂದು ಅವರು ಕೇಳುತ್ತಾರೆ. ಬ್ಯಾಗು ಬಸ್ಸಿಳಿಯುತ್ತದೆ. ಬೇಲಿ ಮತ್ತೆ ಏಳುತ್ತದೆ, ಬಹುಶಃ ಅವನ ಬೆನ್ನಿನ ಮೇಲೆಯೇ.

ಅವನು ಪುಸ್ತಕ ಎತ್ತಿಕೊಂಡು ಬೋರಲಿಂಗಯ್ಯನವರ ಮನೆಗೆ ಹೋದ. ಅವರು ಜಗುಲಿಯಲ್ಲಿ ಎಲೆ ಹಾಕುತ್ತ ಪೂರ್ತಿ ಕೇಳಿದರು.

"ನನ್ನ ಸೊನ್ನೆ ತಿಂದ್ಬುಟ್ಯೇನಯ್ಯಾ!"

"ತಿಂದಿಲ್ಲ ಸಾರ್. ಬೆಲೆ ಇಲ್ಲ ಅಂತ ಅದು..."

"ಬೆಲೆ ಇಲ್ವಾ? ಆ ಮೂರು ಸೊನ್ನೆ ಹಾಕಕ್ಕೆ ನಾಕು ತಿಂಗ್ಳು ಅವರ ಮನೆಗಳ ಮೆಟ್ಲು ಸವೆಸಿದೀನಿ. ಒಂದೊಂದು ಸೊನ್ನೆನೂ ಒಂದೊಂದು ತಲೆ ಉಳ್ಸದೆ. ನಟರಾಜನ ಕೈಲಿ ಅವತ್ತು ಮಚ್ಚಿತ್ತು ಗೊತ್ತಾ?"

"ಈಗೇನು ಮಾಡಲಿ ಸಾರ್?"

ಬೋರಲಿಂಗಯ್ಯನವರು ಎಲೆಯ ರಸ ಉಗಿದು, ಅವನ ಕೈಯಿಂದ ಪುಸ್ತಕ ತೆಗೆದುಕೊಂಡರು. "ದುಡ್ಡಿನ ಬಟವಾಡೆ ಮುಂದಿನ ವಾರ. ಅದಕ್ಕೆ ನನ್ನ ಪುಸ್ತಕದಲ್ಲಿ ಮೂರೂ ಬೇರೆಬೇರೆ ಬರ್ದಿವ್ನಿ, ಅದ್ಕೆ ಹೆದರ್ಬ್ಯಾಡ. ಆದ್ರೆ ಭಾನುವಾರ ಅವ್ರು ಮೂವರೂ ಒಂದೇ ಪೆಂಡಾಲಲ್ಲಿ ಕೂತ್ಕತಾರೆ. ಅಷ್ಟೊತ್ಗೆ ನೀನೇ ಹೇಳ್ಬುಡು. ಅವರವರೇ ಬಾಯಿ ಬುಟ್ರೆ ನಿಂಗೆ ಹೇಳಕ್ಕೂ ಬುಡಾಕಿಲ್ಲ."

ಹೇಳುವುದೆಂದು ತೀರ್ಮಾನಿಸಿ ಅವನು ಶುಕ್ರವಾರ ಅಧ್ಯಕ್ಷರ ಮನೆಗೆ ಹೋದ. ಅಧ್ಯಕ್ಷರು ಫೋನಿನಲ್ಲಿದ್ದರು. "ಆಯ್ತು ಸಾರ್, ಖಂಡಿತ ಸಾರ್," ಎಂದು ಇಟ್ಟು, ಇವನತ್ತ ತಿರುಗಿದರು. ಮೇಲಿನ ಆಫೀಸಿನಿಂದ ಮೇಲ್ವಿಚಾರಕರು ಸಭೆಗೆ ಬರುತ್ತಾರಂತೆ. ಮುರಿದ ಕುಟುಂಬವನ್ನು ಒಂದು ಮಾಡಿದ ಡೈರಿ ಎಂದು ಅವರಿಗೆ ಸುದ್ದಿ ಮುಟ್ಟಿದೆ. ಇಪ್ಪತ್ತೇಳನೇ ನಂಬರಿಗೆ ಹಾರ, ಶಾಲು, ಹತ್ತು ಲೀಟರಿನ ಸ್ಟೀಲ್ ಕ್ಯಾನು.

"ನಾನು ಎರಡನೇ ಸ್ಥಾನದಲ್ಲಿ ಕುಂತ್ಕಂಡು ಚಪ್ಪಾಳೆ ಹೊಡೀಬೇಕು," ಅಧ್ಯಕ್ಷರು ಹಲ್ಲು ಕಡಿದರು. "ಹೊಡೀತೀನಿ. ಆದ್ರೆ ಇದ್ರಲ್ಲಿ ಒಸಿ ಹೆಚ್ಚುಕಮ್ಮಿ ಅಂತ ಗೊತ್ತಾಗ್ಲಿ... ಏನೋ ಹೇಳಕ್ಕೆ ಬಂದೆಯಲ್ಲ?"

"ಪೆಂಡಾಲಿಗೆ ಕುರ್ಚಿ ಎಷ್ಟು ಹೇಳಲಿ ಅಂತ ಕೇಳೋಣಾಂತ ಬಂದೆ," ಎಂದ ರುದ್ರಪ್ರಸಾದ್.

ಭಾನುವಾರ ಮುನ್ನೂರು ಕುರ್ಚಿಯೂ ತುಂಬಿದವು. ವೇದಿಕೆಯ ಮೇಲೆ ಮೇಲ್ವಿಚಾರಕರು, ಅಧ್ಯಕ್ಷರು, ಮೂಲೆಯಲ್ಲಿ ಮೈಕು ಹಿಡಿದು ಹೆಸರು ಓದುವ ರುದ್ರಪ್ರಸಾದ್. ಅವನ ಅಂಗಿ ಬೆನ್ನಿಗೆ ಅಂಟಿತ್ತು. ಮುಂದಿನ ಸಾಲಿನಲ್ಲಿ ಕಾವೇರಮ್ಮ. ಆಕೆಯ ಹಿಂದೆ ಮೂವರು ಮಕ್ಕಳು, ಒಬ್ಬರ ಪಕ್ಕ ಒಬ್ಬರು, ನೇರ ಮುಂದೆ ನೋಡುತ್ತ.

"ಸದಸ್ಯ ಸಂಖ್ಯೆ ಇಪ್ಪತ್ತೇಳು," ಎಂದು ಓದಿದ. ದನಿ ಮೈಕಿನಲ್ಲಿ ಊರ ಕೆರೆಯವರೆಗೂ ಹೋಯಿತು.

ಮೂವರೂ ಎದ್ದರು. ಮೂವರೂ ಕೂತರು.

"ಬನ್ನಿ, ಬನ್ನಿ," ಎಂದರು ಮೇಲ್ವಿಚಾರಕರು ಹಾರ ಹಿಡಿದು. ಫೋಟೋದವನು ಒಂದು ಮೊಣಕಾಲೂರಿ ಕಾದ.

ಅನಂತರಾಜು ಯಾರನ್ನೂ ನೋಡದೆ ಹೇಳಿದ. "ದೀಪು ತಗೊಳ್ಲಿ. ಸೇರ್ಸು ಅಂತ ಹೇಳಿದ್ದು ಅವ್ನು."

ಒಂಬತ್ತು ವರ್ಷದ ಮೊದಲ ಮಾತು ಅದು. ಪೆಂಡಾಲು ಉಸಿರು ಬಿಟ್ಟಿತು. ಆದರೆ ದೀಪು ತಿರುಗಿ ನೋಡಿದ.

"ನಾನಾ? ನಾನ್ಯಾವಾಗ ಹೇಳ್ದೆ? ನೀನೇ ಹೋಗಿ ಸೇರ್ಸಿದ್ದು ಅಲ್ವಾ ಅಣ್ಣ?"

"ನಾನು ಹೋಗಿದ್ದು ಬೂಸಕ್ಕೆ ಕಣ್ಲಾ!"

ಇಬ್ಬರೂ ನಟರಾಜುವಿನ ಕಡೆ ನೋಡಿದರು.

"ನನ್ನ ಯಾಕ್ಲಾ ನೋಡ್ತೀರಿ? ನೀವಿಬ್ರೂ ಸೇರ್ಸುದ್ರಿ ಅಂತ ನಾನು ಕಂಬ ಕಿತ್ತಿದ್ದು! ಹನ್ನೊಂದು ಕಂಬ! ನಂಗೆ ಬೆನ್ನು ಹಿಡ್ಕಂಡೈತೆ!"

"ಹಂಗಾದ್ರೆ ಯಾರೂ ಸೇರ್ಸಿಲ್ವಾ?" ಹಿಂದಿನ ಸಾಲಿನಿಂದ ಮುನಿಯಮ್ಮ ಎಲ್ಲರ ಪರವಾಗಿ ಕೇಳಿದಳು.

ಮುನ್ನೂರು ಕುರ್ಚಿಗಳು ಒಮ್ಮೆಲೇ ಕಿರುಗುಟ್ಟಿದವು. ಎಲ್ಲ ಮುಖಗಳೂ ವೇದಿಕೆಯ ಮೂಲೆಗೆ ತಿರುಗಿದವು. ಭಾನುಪ್ರಿಯ ಒಬ್ಬಟ್ಟಿನ ಲೆಕ್ಕ ಹಾಕುತ್ತಿರುವವಳಂತೆ ಹಿರಿಯ ಓರಗಿತ್ತಿಯನ್ನು ನೋಡಿದಳು. ನಟರಾಜು ಎದ್ದು ನಿಂತ. ಅವನ ಕೈ ಖಾಲಿಯಿದೆಯೇ ಎಂದು ರುದ್ರಪ್ರಸಾದ್ ಮೊದಲು ನೋಡಿಕೊಂಡ. ಖಾಲಿಯಿತ್ತು. ಮಡಿಸಿದ ಕುರ್ಚಿ ಮಾತ್ರ ಪಕ್ಕದಲ್ಲೇ ಇತ್ತು.

ಅಧ್ಯಕ್ಷರು ನಿಧಾನವಾಗಿ ಮೀಸೆ ಒರೆಸಿಕೊಂಡರು. ಅವರ ಮುಖದಲ್ಲಿ ವಾರದಿಂದ ಕಾಣದಿದ್ದ ಶಾಂತಿ ಮೂಡಿತು. "ಪ್ರಸಾದು, ಮೈಕಲ್ಲೇ ಹೇಳಪ್ಪ. ಯಾರು ಬಂದು ಸೇರ್ಸು ಅಂದ್ರು? ಇಲ್ಲಾ, ನಿನ್ನ ಪ್ರೋಗ್ರಾಮೇ ಏನಾರಾ...?"

"ಸ್ವಾಮಿ," ಎಂದು ರುದ್ರಪ್ರಸಾದ್ ಶುರುಮಾಡಿದ. ಯಾಕೆ ಸ್ವಾಮಿ ಎಂದನೋ ಅವನಿಗೂ ತಿಳಿಯದು. "ಸಂಖ್ಯೆಯಿಂದ ಹೊರಟು ಅಕ್ಷರಕ್ಕೆ ಹೋಗಿ ಬಂದರೆ ತೊಂದರೆ ಇಲ್ಲ. ಅದನ್ನ ನಾನು ಹತ್ತು ಸಾವಿರ ಸಲ ನೋಡಿದೀನಿ. ಆದರೆ ಅಕ್ಷರದಿಂದ ಹೊರಟರೆ..."

"ಯಾರಯ್ಯಾ ಹೊರಟಿದ್ದು?" ಎಂದರು ಮೇಲ್ವಿಚಾರಕರು.

"ಸೊನ್ನೆ ಸಾರ್. ಸೊನ್ನೆ ಹೊರಟಿತ್ತು. ಬರಲಿಲ್ಲ. ಅದು ಅದರ ತಪ್ಪಲ್ಲ. ತಪ್ಪು..."

"ಆ ಮಗ ಯಾಕೆ ಹಂಗ್ ಬೆವರ್ತದೆ? ಕೂರ್ಸಿ ಅದನ್ನ."

ಕಾವೇರಮ್ಮ ಎದ್ದು ನಿಂತಿದ್ದಳು. ಅವಳ ದನಿಗೆ ಮೈಕು ಬೇಕಾಗಿರಲಿಲ್ಲ.

"ಸೇರ್ಸು ಅಂದೋಳು ನಾನು."

ಮೂವರು ಮಕ್ಕಳೂ ಒಟ್ಟಿಗೆ ಬಾಯಿ ತೆರೆದರು. ಅನಂತರಾಜು ಮೊದಲು ಚೇತರಿಸಿಕೊಂಡ. "ಯಾವಾಗವ್ವಾ?"

"ಯಾವಾಗಾದ್ರೆ ನಿಂಗೇನ್ಲಾ? ನಿಮ್ಮ ಮೂವರ್ಗೂ ಒಂಬತ್ತು ವರ್ಸದಿಂದ ಹೇಳ್ದೆ, ಒಬ್ಬನೂ ಕೇಳ್ಲಿಲ್ಲ. ಇವುನ್ಗೆ ಒಂದು ಸಲ ಹೇಳ್ದೆ, ಮಾಡ್ಬುಟ್ಟ. ಯಾರ್ಗೂ ಹೇಳ್ಬ್ಯಾಡ ಅಂದಿದ್ದೆ, ಹೇಳ್ಲಿಲ್ಲ. ನೀವು ಮೂವರೂ ಹೋಗಿ ಹೋಗಿ ಕೇಳುದ್ರೂ ಬಾಯಿ ಬುಡ್ಲಿಲ್ಲ. ಅಲ್ವೇನಪ್ಪ?"

ರುದ್ರಪ್ರಸಾದನ ತಲೆ ಆಡಿತು. ಅದು ಹೌದೆಂದು ಆಡಿತೋ, ಹೆದರಿಕೆಯಿಂದ ಆಡಿತೋ ಎಂದು ವಿಂಗಡಿಸುವಷ್ಟು ಹತ್ತಿರ ಯಾರೂ ಇರಲಿಲ್ಲ. ಮುದುಕಿ ಅವನನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ.

"ಅರ್ಜಿ ಇಲ್ದೆ ನಂಬ್ರು ಸೇರ್ಸೋದು ರೂಲ್ಸಲ್ಲಿ ಐತಾ?" ಅಧ್ಯಕ್ಷರು ಕೊನೆಯ ಪ್ರಯತ್ನ ಮಾಡಿದರು.

"ನಮ್ಮವ್ವ ಬಾಯಲ್ಲಿ ಹೇಳಿದ್ಮೇಲೆ ಇನ್ನೆಂಥ ಅರ್ಜಿ?" ನಟರಾಜು ಕುರ್ಚಿಯನ್ನು ಹಿಡಿದೇ ಕೇಳಿದ. ಅದನ್ನು ಬಿಚ್ಚಿ ತಾಯಿಗೆ ಇನ್ನೂ ಮುಂದೆ ಹಾಕಿದ.

"ನಮ್ಮಪ್ಪನ ನಂಬ್ರು ಅದು. ನಿಮ್ಗೇನ್ ತೊಂದ್ರೆ?" ಎಂದ ದೀಪು.

"ಇವನ್ನ ಬುಟ್ಟು ಬೇರೆ ಯಾವನನ್ನ ಸೆಕ್ರೆಟ್ರಿ ಮಾಡ್ತೀರಿ, ನಾನೂ ನೋಡ್ತೀನಿ," ಎಂದ ಅನಂತರಾಜು. "ಹಿಂಗೆ ಗುಟ್ಟು ಕಾಯೋ ಮನ್ಸ ಎಲ್ಲಿ ಸಿಕ್ತಾನೆ?"

ಒಂಬತ್ತು ವರ್ಷದ ನಂತರ ಮೂವರೂ ಒಂದೇ ಮಾತು ಆಡಿದ್ದರು. ಅದು ಅಧ್ಯಕ್ಷರ ವಿರುದ್ಧ ಎಂಬುದು ಸಭೆಗೆ ಇನ್ನಷ್ಟು ಹಿಡಿಸಿತು. ಮೊದಲು ಕೈಯೆತ್ತಿದವರು ಬೋರಲಿಂಗಯ್ಯನವರು. ಆಮೇಲೆ ಎತ್ತಿದ ಕೈಗಳನ್ನು ಎಣಿಸಲು ಯಾರೂ ಹೋಗಲಿಲ್ಲ. ಹಾರವನ್ನು ಮೇಲ್ವಿಚಾರಕರು ಕಾವೇರಮ್ಮನ ಕೊರಳಿಗೆ ಹಾಕಿದರು. ಕ್ಯಾನು ಯಾರ ಮನೆಯಲ್ಲಿರಬೇಕು ಎಂದು ಮೂವರೂ ಪೆಂಡಾಲಿನಲ್ಲೇ ಜಗಳ ಶುರುಮಾಡಿದರು. ಆದರೆ ಮುಖ ನೋಡಿಕೊಂಡು ಮಾಡಿದರು.

ಸೋಮವಾರ ಹೊಸ ಸೆಕ್ರೆಟರಿ ಆ ಸಾಲನ್ನು ತಿದ್ದಿದ. ಈಗ ಗಂಟೆಕಲ್ಲುದೊಡ್ಡಿಯ ಡೈರಿಯಲ್ಲಿ ನಂಬರು ಅಕ್ಷರವಾಗಿಯೇ ಒಳಗೆ ಹೋಗುತ್ತದೆ, ಅಕ್ಷರವಾಗಿಯೇ ಹೊರಗೆ ಬರುತ್ತದೆ. ಪರೀಕ್ಷೆಯನ್ನು ಅವನು ಎರಡೂ ಕಡೆಯಿಂದ ಹೊರಟು ಮಾಡುತ್ತಾನೆ. ಇಪ್ಪತ್ತೇಳನ್ನು ಮಾತ್ರ ಬೋರಲಿಂಗಯ್ಯನವರೇ ಪುಸ್ತಕದಲ್ಲಿ ಎರಡು ಸಾಲು ಹೊಡೆದುಹಾಕಿ ಒಂದು ಮಾಡಿಕೊಟ್ಟರು. ಒಲೆಗಳು ಈಗಲೂ ಮೂರೇ. ಮೂರು ಕ್ಯಾನಿನ ಹಾಲು ಒಟ್ಟಿಗೆ ಸುರಿಯುವಾಗ, ಯಾರ ಹಾಲಿನಿಂದ ಫ್ಯಾಟು ಇಳಿಯಿತು ಎಂದು ಅಣ್ಣತಮ್ಮಂದಿರು ದಿನಾ ಬೆಳಗ್ಗೆ ಕೂಗಾಡುತ್ತಾರೆ. ಕಾವೇರಮ್ಮ ಕಟ್ಟೆಯ ಮೇಲೆ ಕೂತು ಕೇಳುತ್ತಾಳೆ.

ನಂಬರು ಸೇರಿಸು ಎಂದು ಕಾವೇರಮ್ಮ ಎಂದೂ ಡೈರಿಗೆ ಬಂದಿರಲಿಲ್ಲ. ಅದನ್ನು ರುದ್ರಪ್ರಸಾದ್ ಯಾರಿಗೂ ಹೇಳಲಿಲ್ಲ.